ಕಿನ್ನೌರ್‌ನ ಸಟ್ಲೆಜ್ ಕಂದರದ ರಸ್ತೆ: ನಮ್ಮ ಘಾಟಿಗಳಲ್ಲಿ ಓಡಿಸಿದ ರೂಢಿ ಅಲ್ಲಿ ಸಾಕಾಗುತ್ತದೆಯೇ?

ಮಲೆನಾಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯಲ್ಲಿ ಸಟ್ಲೆಜ್ ನದಿಯ ಕಂದರದೊಳಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 5ರಲ್ಲಿ ಸ್ವಂತ ಕಾರಿನಲ್ಲಿ ಹೋಗಿಬಂದವರು ಇಲ್ಲಿದ್ದರೆ ಅವರಿಂದ ಕೆಲವು ವಿಷಯ ತಿಳಿದುಕೊಳ್ಳಬೇಕಾಗಿದೆ. ನಾನು ಶಿವಮೊಗ್ಗದ ಕಡೆಯವನು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಆಗುಂಬೆ, ಹುಲಿಕಲ್, ಚಾರ್ಮಾಡಿ ಘಾಟಿಗಳಲ್ಲಿ ಮಳೆ, ಮಂಜು, ರಾತ್ರಿ ಎನ್ನದೆ ಓಡಿಸಿ ರೂಢಿಯಿದೆ.

ನಮ್ಮ ಯೋಜನೆ ಹೀಗಿದೆ. ನಾನೂ ತಮ್ಮನೂ ಕಾರಿನಲ್ಲಿ ಚಂಡೀಗಢ ತಲುಪುತ್ತೇವೆ. ಅಪ್ಪ ಅಮ್ಮ ವಿಮಾನದಲ್ಲಿ ಅಲ್ಲಿಗೆ ಬಂದು ನಮ್ಮನ್ನು ಕೂಡಿಕೊಳ್ಳುತ್ತಾರೆ. ಅಲ್ಲಿಂದ ಶಿಮ್ಲಾ, ಮರುದಿನ ಒಂದೇ ಓಟಕ್ಕೆ ಕಲ್ಪಾ, ಅದರಾಚೆ ನಾಕೋ, ತಾಬೋ, ಕಾಜಾ. ರಜೆ ಸಿಗುವುದು ಆಗಸ್ಟ್ ಮೊದಲ ವಾರದಲ್ಲಿ. ಕಾರು ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅಪ್ಪನಿಗೆ ಅರವತ್ತೆಂಟು ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ.

ತರಂಡಾ ಎಂಬಲ್ಲಿ ನೆಟ್ಟಗಿನ ಬಂಡೆಯನ್ನು ಕೊರೆದು ಮಾಡಿರುವ ರಸ್ತೆಯ ಚಿತ್ರಗಳನ್ನು ನೋಡಿದಾಗಿನಿಂದ ಅಮ್ಮ ‘ಬೇಡವೇ ಬೇಡ’ ಎನ್ನುತ್ತಿದ್ದಾರೆ. ಒಂದು ಬದಿ ತಲೆಯ ಮೇಲೆ ಚಾಚಿಕೊಂಡ ಕಲ್ಲು, ಇನ್ನೊಂದು ಬದಿ ತಡೆಗೋಡೆಯೂ ಇಲ್ಲದ ಪ್ರಪಾತ. ನನ್ನ ಅಳುಕು ಇಷ್ಟೇ: ಎದುರಿನಿಂದ ಬಸ್ಸು ಬಂದಾಗ ಪ್ರಪಾತದ ಅಂಚಿನಲ್ಲಿ ರಿವರ್ಸ್ ತೆಗೆದುಕೊಳ್ಳಬೇಕಾದರೆ ಏನು ಮಾಡುವುದು? ನಮ್ಮ ಘಾಟಿಗಳಲ್ಲಿ ಕಲಿತ ಕೈ ಅಲ್ಲಿ ನಡೆಯುತ್ತದೆಯೇ, ಅಥವಾ ಅದು ಬೇರೆಯೇ ವಿದ್ಯೆಯೇ?

ಚಂಡೀಗಢದ ಕನ್ನಡಿಗ

ನಿಮ್ಮ ಕೈಯ ಬಗ್ಗೆ ನನಗೆ ಅನುಮಾನವಿಲ್ಲ. ಹುಲಿಕಲ್ ಘಾಟಿಯನ್ನು ಜುಲೈ ತಿಂಗಳ ಮಂಜಿನಲ್ಲಿ ಇಳಿಸಿದವರಿಗೆ ತಿರುವುಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅನುಮಾನವಿರುವುದು ನಿಮ್ಮ ತಾರೀಖಿನ ಬಗ್ಗೆ. ಆಗಸ್ಟ್ ಮೊದಲ ವಾರವನ್ನು ದಯವಿಟ್ಟು ಕೈಬಿಡಿ.

ನೀವು ಕೆಳಗಿನ ಪ್ರಪಾತವನ್ನು ನೋಡಿ ಹೆದರುತ್ತಿದ್ದೀರಿ. ಈ ರಸ್ತೆಯಲ್ಲಿ ಹೆದರಬೇಕಾದದ್ದು ಮೇಲಿನ ಗುಡ್ಡಕ್ಕೆ. 2021ರ ಜುಲೈ 25ರಂದು ಸಾಂಗ್ಲಾ ಕಣಿವೆಯ ಬಟ್ಸೇರಿಯಲ್ಲಿ ಬಂಡೆಗಳುರುಳಿ ಟೆಂಪೋ ಟ್ರಾವೆಲರ್‌ನಲ್ಲಿದ್ದ ಒಂಬತ್ತು ಪ್ರವಾಸಿಗರು ತೀರಿಕೊಂಡರು. ಅದಾಗಿ ಮೂರು ವಾರವೂ ಕಳೆದಿರಲಿಲ್ಲ, ಆಗಸ್ಟ್ 11ರಂದು ಇದೇ ಹೆದ್ದಾರಿಯ ನಿಗುಲ್ಸಾರಿಯಲ್ಲಿ ಗುಡ್ಡ ಕುಸಿದು ಸರ್ಕಾರಿ ಬಸ್ಸೂ ಬೇರೆ ವಾಹನಗಳೂ ಮುಚ್ಚಿಹೋಗಿ ಇಪ್ಪತ್ತೆಂಟು ಮಂದಿ ಸತ್ತರು. 2023ರ ಸೆಪ್ಟೆಂಬರಿನಲ್ಲಿ ಅದೇ ನಿಗುಲ್ಸಾರಿಯಲ್ಲಿ ರಸ್ತೆಯೇ ಕೆಳಗೆ ಜಾರಿಹೋಗಿ ಹಲವು ದಿನ ಸಂಚಾರ ನಿಂತಿತ್ತು. ಇವುಗಳಲ್ಲಿ ಯಾವುದರಲ್ಲೂ ಚಾಲಕನ ಕೈಚಳಕದಿಂದ ಆಗುವಂಥದ್ದು ಏನೂ ಇರಲಿಲ್ಲ. ಯಾವ ತಿಂಗಳು, ದಿನದ ಯಾವ ಹೊತ್ತು ಎಂಬ ಎರಡು ಮಾತ್ರ ನಮ್ಮ ಕೈಯಲ್ಲಿವೆ.

ಮಳೆಗಾಲ ಹಿಂದೆಗೆದ ಮೇಲೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಈ ದಾರಿಗೆ ಒಳ್ಳೆಯ ಕಾಲ. ಆಕಾಶ ತೊಳೆದಿಟ್ಟಂತೆ ಇರುತ್ತದೆ, ನದಿ ಇಳಿದಿರುತ್ತದೆ. ಆದರೆ ಕಿನ್ನೌರಿನ ಸೇಬು ಕೊಯ್ಲೂ ಅದೇ ಹೊತ್ತಿಗೆ ಬೀಳುವುದರಿಂದ ಪೆಟ್ಟಿಗೆ ತುಂಬಿದ ಪಿಕಪ್‌ಗಳೂ ಲಾರಿಗಳೂ ಒಂದರ ಹಿಂದೊಂದು ಇಳಿಯುತ್ತಿರುತ್ತವೆ. ನೀವು ಹತ್ತುವವರು, ಅವರು ತುಂಬಿದ ಗಾಡಿಯಲ್ಲಿ ಇಳಿಯುವವರು. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ಕಾನೂನಿನಲ್ಲೇ ಇದೆ. ಆದರೆ ಬ್ರೇಕ್ ಬಿಸಿಯಾದ ಲಾರಿಯೊಂದಿಗೆ ಕಾನೂನು ಮಾತಾಡುತ್ತ ನಿಲ್ಲಬೇಡಿ. ನಿಮಗೆ ಜಾಗ ಮೊದಲು ಕಂಡರೆ ನೀವೇ ನಿಂತುಬಿಡಿ.

ಇನ್ನು ನಿಮ್ಮ ರಿವರ್ಸ್ ಪ್ರಶ್ನೆ. ರಾಂಪುರದಿಂದ ವಾಂಗ್ಟು ಸೇತುವೆಯವರೆಗೆ ಮೇಲಕ್ಕೆ ಹೋಗುವಾಗ ನದಿ ನಿಮ್ಮ ಎಡಗಡೆ ಇರುತ್ತದೆ. ಎಡಕ್ಕೆ ಓಡಿಸುವವರಾದ ನಾವು ಸಹಜವಾಗಿಯೇ ಪ್ರಪಾತದ ಬದಿಯಲ್ಲಿ ಇರುತ್ತೇವೆ, ಮತ್ತು ತರಂಡಾ ಬರುವುದು ಇದೇ ಭಾಗದಲ್ಲಿ. ಆದ್ದರಿಂದ ಹೋಗುವಾಗಿನ ಪಯಣವೇ ಹೆಚ್ಚು ಕಷ್ಟದ್ದು; ಬರುವಾಗ ಬಂಡೆಯ ಬದಿ ನಿಮ್ಮದಾಗಿರುತ್ತದೆ. ಇಲ್ಲಿ ಉಪಾಯವೆಂದರೆ ರಿವರ್ಸ್ ತೆಗೆದುಕೊಳ್ಳುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು. ಕುರುಡು ತಿರುವಿಗೆ ಮುಂಚೆ ಹಾರ್ನ್ ಮಾಡಿ, ಕಿಟಕಿಯ ಗಾಜು ಇಳಿಸಿ, ರೇಡಿಯೊ ಆರಿಸಿ ಕಿವಿಗೊಡಿ. ಅತ್ತ ಕಡೆಯಿಂದ ಉತ್ತರದ ಹಾರ್ನ್ ಬಂದರೆ ಅಗಲವಿರುವ ಜಾಗದಲ್ಲೇ ಕಾಯಿರಿ. ಕಣಿವೆಯ ಆಚೆ ಬದಿಗೆ ಬಾಗಿರುವ ರಸ್ತೆಯ ತುಂಡುಗಳು ದೂರದಿಂದಲೇ ಕಾಣುವ ಕಡೆ, ತಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮುಂದಿನ ಎರಡು ತಿರುವುಗಳಲ್ಲಿ ಏನು ಬರುತ್ತಿದೆ ಎಂದು ಹೇಳುತ್ತಿರುವ ಕೆಲಸವನ್ನು ಅವರಿಗೆ ಒಪ್ಪಿಸಿ. ಇಷ್ಟರ ಮೇಲೂ ಹಿಂದೆ ಸರಿಯಲೇಬೇಕಾದರೆ ಅವರು ಇಳಿದು ಅಂಚಿನ ಮಣ್ಣು ಗಟ್ಟಿಯಿದೆಯೇ ಎಂದು ನೋಡಲಿ. ಡಾಂಬರಿನ ಆಚೆಯ ಒಂದು ಅಡಿ ಮಣ್ಣನ್ನು ಎಂದಿಗೂ ನಂಬಬಾರದು.

ಶಿಮ್ಲಾದಿಂದ ಕಲ್ಪಾಗೆ ಒಂದೇ ದಿನ ಎಂಬ ಯೋಜನೆಯೂ ಬೇಡ. ಸುಮಾರು 230 ಕಿಲೋಮೀಟರ್ ಎಂದು ನಕ್ಷೆ ಹೇಳುತ್ತದೆ, ಆದರೆ ನಾರ್ಕಂಡದ 2,700 ಮೀಟರ್ ಎತ್ತರದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ರಾಂಪುರಕ್ಕೆ ಇಳಿದು, ಮತ್ತೆ ಕಲ್ಪಾದ 2,900 ಮೀಟರಿಗೆ ಏರುವ ದಾರಿ ಅದು. ಊಟಕ್ಕೆ, ಕಲ್ಲು ತೆಗೆಯುವ ಯಂತ್ರದ ಮುಂದಿನ ಕಾಯುವಿಕೆಗೆ ಹೊತ್ತು ಸೇರಿಸಿದರೆ, ತರಂಡಾ ದಾಟುವಷ್ಟರಲ್ಲಿ ಸಂಜೆಯಾಗಿ ಕೊನೆಯ ಏರನ್ನು ಕತ್ತಲಲ್ಲಿ ಹತ್ತಬೇಕಾಗುತ್ತದೆ. ಜ್ಯೋರಿಯಲ್ಲಿ ಹೆದ್ದಾರಿ ಬಿಟ್ಟು 17 ಕಿಲೋಮೀಟರ್ ಮೇಲಕ್ಕೆ ಹೋದರೆ ಸರಾಹನ್ ಸಿಗುತ್ತದೆ. ಭೀಮಾಕಾಳಿ ದೇವಸ್ಥಾನವಿರುವ ಊರು. ಕಲ್ಲು ಮತ್ತು ದೇವದಾರು ತೊಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಆ ಗೋಪುರಗಳನ್ನು ನಿಮ್ಮ ತಾಯಿಯವರು ಖಂಡಿತ ಮೆಚ್ಚುತ್ತಾರೆ. ರಾತ್ರಿ ಅಲ್ಲಿ ತಂಗಿ, ಬೆಳಿಗ್ಗೆ ಬೇಗ ಹೊರಟು, ಮೈಯೂ ಕಣ್ಣೂ ಚುರುಕಾಗಿರುವಾಗ ಕಂದರದ ಗಟ್ಟಿ ಭಾಗವನ್ನು ದಾಟಿ.

ಗ್ಯಾರೇಜ್ ಮನುಷ್ಯ

ಮೇಲಿನವರು ಗುಡ್ಡದ ವಿಷಯ ಹೇಳಿದ್ದಾರೆ, ನಾನು ಗಾಡಿಯ ವಿಷಯಕ್ಕೆ ಮಾತ್ರ ಬರುತ್ತೇನೆ. ಆಗುಂಬೆ ಘಾಟಿಯ ಇಳಿಜಾರು ಹದಿನಾಲ್ಕು ತಿರುವುಗಳಲ್ಲಿ ಮುಗಿದುಹೋಗುತ್ತದೆ. ಬ್ರೇಕ್ ಬಿಸಿಯಾಗಿ ತೊಂದರೆ ಕೊಡುವಷ್ಟರಲ್ಲಿ ಸೋಮೇಶ್ವರ ಬಂದಿರುತ್ತದೆ. ನಾರ್ಕಂಡದಿಂದ ಸಟ್ಲೆಜ್ ದಡಕ್ಕೆ ಇಳಿಯುವ ದಾರಿ ಹಾಗಲ್ಲ, ಅದು ಬಹಳ ಹೊತ್ತು ಇಳಿಯುತ್ತಲೇ ಹೋಗುತ್ತದೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡು, ಡಿಸ್ಕು ಕಾದು, ಆ ಕಾವು ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮೂಲಕ ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಕುದಿದು ಆವಿಯ ಗುಳ್ಳೆ ಆಯಿತೆಂದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಿಮ್ಮ ಕಾರಿನ ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಹೊರಡುವ ಮುಂಚೆ ಬದಲಿಸಿಯೇ ಬಿಡಿ. ಟೈರಿಗೆ, ಬ್ಯಾಟರಿಗೆ ದುಡ್ಡು ಸುರಿಯುವವರು ಈ ಚಿಕ್ಕ ಖರ್ಚನ್ನು ಮರೆಯುತ್ತಾರೆ.

ಯಾವ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸರಿಯೇ. ಎರಡನೇ ಗೇರಿನಲ್ಲಿ ಎಂಜಿನ್ ಗುರುಗುಟ್ಟುತ್ತ ಇಳಿದರೆ ಅದಕ್ಕೇನೂ ಆಗುವುದಿಲ್ಲ. ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಿ, ಒತ್ತಿಕೊಂಡೇ ಇರಬೇಡಿ. ಸುಟ್ಟ ವಾಸನೆ ಬಂದರೆ ಸಮತಟ್ಟಾದ ಕಡೆ ನಿಲ್ಲಿಸಿ ಆರಲು ಬಿಡಿ; ನೀರು ಎರಚಿದರೆ ಡಿಸ್ಕ್ ಸೊಟ್ಟಗಾಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆಯನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಿ.

ಏರಿನ ಕಥೆ ಬೇರೆ. ನಾಕೋ ಎತ್ತರ ಸುಮಾರು 3,600 ಮೀಟರ್. ಅಷ್ಟು ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತಲೂ ತುಸು ಕಡಿಮೆ. ಟರ್ಬೊ ಇಲ್ಲದ ನಿಮ್ಮ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣಕ್ಕೆ ಇಳಿಯುತ್ತದೆ. ಖಾಬ್ ಸೇತುವೆಯ ನಂತರ ಕಾ ಎಂಬ ಹಳ್ಳಿಯ ಬಳಿ ಒಂದರ ಮೇಲೊಂದು ಮಡಚಿದ ಹೇರ್‌ಪಿನ್ ತಿರುವುಗಳು ಬರುತ್ತವೆ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಚಾಲೂ ಎಂದರೆ ಅಲ್ಲಿ ಗಾಡಿ ಉಬ್ಬಸ ಪಡುತ್ತದೆ. ಎ.ಸಿ. ಆರಿಸಿ, ತಿರುವಿಗೆ ಮುಂಚೆಯೇ ಮೊದಲನೇ ಗೇರಿಗೆ ಬನ್ನಿ, ಹಾಫ್ ಕ್ಲಚ್‌ನಲ್ಲಿ ಎಳೆಸಬೇಡಿ. ಅಲ್ಲಿ ಕ್ಲಚ್ ಸುಟ್ಟುಕೊಂಡರೆ ಮೆಕ್ಯಾನಿಕ್ ಮನೆಬಾಗಿಲಿಗೆ ಬರುವ ಊರಲ್ಲ ಅದು.

ಸ್ಟೆಪ್ನಿ ಪೂರ್ತಿ ಅಳತೆಯದ್ದೇ ಇರಲಿ. ಚೂಪು ಕಲ್ಲುಗಳು ಟೈರಿನ ಪಕ್ಕೆಯನ್ನು ಸೀಳುತ್ತವೆ, ಪಂಕ್ಚರ್ ಕಿಟ್ಟಿನಿಂದ ಅದನ್ನು ಮುಚ್ಚಲಾಗದು. ಜಾಕ್ ಕೆಳಗೆ ಇಡಲು ಒಂದು ಅಗಲದ ಹಲಗೆಯೂ ಜೊತೆಗಿರಲಿ.

ಬಂಡೆ ಓದುವವನು

ಭೂವಿಜ್ಞಾನ ಓದಿದವನಾದ್ದರಿಂದ ಗುಡ್ಡದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಟಿಬೆಟ್ಟಿನಲ್ಲಿ ಹುಟ್ಟುವ ಸಟ್ಲೆಜ್, ಹಿಮಾಲಯ ಮೇಲೇಳುವುದಕ್ಕೆ ಮುಂಚಿನಿಂದಲೂ ಹರಿಯುತ್ತಿದ್ದ ನದಿಯೆಂದು ಭೂವಿಜ್ಞಾನಿಗಳು ಎಣಿಸುತ್ತಾರೆ. ಬೆಟ್ಟ ಏಳುತ್ತ ಬಂತು, ನದಿ ಜಾಗ ಬಿಡದೆ ಕೊರೆಯುತ್ತ ಹೋಯಿತು. ಅಷ್ಟು ದೊಡ್ಡ ಪರ್ವತವನ್ನು ಅಡ್ಡಲಾಗಿ ಸೀಳಿ ಬರುವ ಕಂದರ ಅದು. ಜ್ಯೋರಿಯಿಂದ ವಾಂಗ್ಟುವರೆಗೆ ನೀವು ನೋಡುವ, ಕಾವಿಗೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿದ ಪಟ್ಟೆಪಟ್ಟೆ ನೈಸ್ (gneiss) ಶಿಲೆಗೆ ಸುಮಾರು 180 ಕೋಟಿ ವರ್ಷ ವಯಸ್ಸು. ಶಿಲೆ ಗಟ್ಟಿಯಾದದ್ದರಿಂದಲೇ ಗೋಡೆಯಂತೆ ನೆಟ್ಟಗೆ ನಿಂತಿದೆ, ಆದರೆ ಅದರ ತುಂಬ ಬಿರುಕುಗಳು. ಬುಡದಲ್ಲಿ ರಸ್ತೆಗಾಗಿ ಕಡಿದದ್ದು, ಬಿರುಕಿನಲ್ಲಿ ನೀರು ಇಳಿದು ಹೆಪ್ಪುಗಟ್ಟಿ ಹಿಗ್ಗುವುದು, ಕೆಳಗೆ ನದಿ ಕೊರೆಯುತ್ತಿರುವುದು, ಇವೆಲ್ಲ ಸೇರಿ ಕಲ್ಲು ಸಡಿಲವಾಗುತ್ತದೆ.

ನಮ್ಮ ಚಾರ್ಮಾಡಿಯಲ್ಲಿ ಕುಸಿಯುವುದು ಮುಖ್ಯವಾಗಿ ನೀರು ಕುಡಿದು ಭಾರವಾದ ಮಣ್ಣು. ಮರಗಳು ವಾಲಿಕೊಂಡು, ಕೆಂಪು ನೀರು ಒಸರುತ್ತ ಸ್ವಲ್ಪವಾದರೂ ಸುಳಿವು ಕೊಡುವುದುಂಟು. ಕಿನ್ನೌರಿನ ಮೇಲ್ಭಾಗದಲ್ಲಿ ಮರವೇ ಇಲ್ಲ. ಸ್ಪಿಲೋ ದಾಟಿ ಪೂಹ್ ಕಡೆಗೆ ಹೋದಂತೆ ಮಳೆನೆರಳಿನ ಬೋಳು ಬೆಟ್ಟಗಳು ಶುರುವಾಗುತ್ತವೆ. ಅಲ್ಲಿ ಮಳೆಯೇ ಇಲ್ಲದೆ ಮಧ್ಯಾಹ್ನದ ಬಿರುಗಾಳಿಗೂ ಕಲ್ಲು ಉದುರುತ್ತದೆ. ಆದ್ದರಿಂದ ಓದಬೇಕಾದ ಗುರುತುಗಳು ಬೇರೆ. ಇಳಿಜಾರಿನ ಮೇಲೆ ಹೊಗೆಯಂತೆ ಧೂಳು ಏಳುತ್ತಿದ್ದರೆ ಅಲ್ಲಿ ಏನೋ ಉರುಳುತ್ತಿದೆ ಎಂದರ್ಥ. ರಸ್ತೆಯ ಮೇಲೆ ಬಿದ್ದ ಕಲ್ಲಿನ ಮುಖ ಮಾಸದೆ ಬೆಳ್ಳಗಿದ್ದು, ಅದರ ಮೇಲೆ ಯಾವ ಗಾಲಿಯ ಗುರುತೂ ಇಲ್ಲದಿದ್ದರೆ ಅದು ಈಗಷ್ಟೇ ಬಿದ್ದದ್ದು. ಒಂದು ಬಿದ್ದ ಕಡೆ ಇನ್ನೊಂದು ಬೀಳುತ್ತದೆ. ಅಂಥ ಕಡೆ ನಿಂತು ಯೋಚಿಸಬೇಡಿ. ಒಂದೋ ಬಹಳ ಹಿಂದೆಯೇ ನಿಂತು ಗುಡ್ಡವನ್ನು ನೋಡಿ, ಇಲ್ಲವೇ ಸರಾಗವಾಗಿ ದಾಟಿಹೋಗಿ. ಫೋಟೊಗೆಂದು ಜನ ಗಾಡಿ ನಿಲ್ಲಿಸುವುದು ಸಾಮಾನ್ಯವಾಗಿ ಚಾಚುಬಂಡೆಯ ಕೆಳಗೆ ಅಥವಾ ತೊರೆ ರಸ್ತೆಗೆ ಇಳಿಯುವ ಬಾಯಲ್ಲಿ. ಎರಡೂ ಕಲ್ಲು ಬರುವ ದಾರಿಗಳೇ.

ತೊರೆಗಳ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ನಾಕೋ ಆಚೆಯ ಮಲ್ಲಿಂಗ್ ನಾಲಾದಂಥವು ಹಿಮ ಕರಗಿದ ನೀರಿನಿಂದ ಹರಿಯುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಬಿಸಿಲೇರಿದ ಮೇಲೆ ಉಕ್ಕುತ್ತದೆ. ಅವುಗಳನ್ನು ಹೊತ್ತೇರುವ ಮುಂಚೆ ದಾಟುವುದು ಲೇಸು.

ಕಿಟಕಿ ಸೀಟು

ಒಂದು ಭಿನ್ನಾಭಿಪ್ರಾಯವಿದೆ, ಬೇಸರಿಸಬೇಡಿ. ನೀವು ಓಡಿಸುವುದೇ ಏಕೆ? ಈ ರಸ್ತೆಯಲ್ಲಿ ಚಾಲಕನಾದವನು ಮುಂದಿನ ಐವತ್ತು ಅಡಿ ಡಾಂಬರನ್ನು ಬಿಟ್ಟು ಬೇರೇನನ್ನೂ ನೋಡಬಾರದು. ಖಾಬ್‌ನಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್‌ಗೆ ಸೇರುವುದನ್ನಾಗಲಿ, ಕಲ್ಪಾದ ಎದುರಿಗೆ ಕಿನ್ನರ ಕೈಲಾಸದ ಸಾಲು ಮೊದಲ ಬಾರಿಗೆ ಕಾಣಿಸಿಕೊಳ್ಳುವ ಗಳಿಗೆಯನ್ನಾಗಲಿ ನಿಮ್ಮ ತಮ್ಮ ನೋಡುತ್ತಾರೆ, ಅಪ್ಪ ಅಮ್ಮ ನೋಡುತ್ತಾರೆ, ನೀವು ನೋಡುವುದಿಲ್ಲ. ದಕ್ಷಿಣದಿಂದ ಅಷ್ಟು ದೂರ ಹೋಗಿ ಸ್ಟೀರಿಂಗ್ ನೋಡಿ ಬರುವುದರಲ್ಲಿ ನನಗೇನೂ ಸೊಗಸು ಕಾಣುವುದಿಲ್ಲ.

ನಾನು ರೆಕಾಂಗ್ ಪಿಯೋದಿಂದ ಕಾಜಾಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಹೋದೆ. ಒಂದು ಕಡೆ ರಸ್ತೆಗೆ ಪುಡಿಗಲ್ಲು ಬಿದ್ದಿತ್ತು. ಕಂಡಕ್ಟರ್ ಇಳಿದ. ಮೊದಲು ಕಲ್ಲಿನ ಕಡೆ ನೋಡಲೇ ಇಲ್ಲ. ಟೋಪಿ ಹಿಂದಕ್ಕೆ ಸರಿಸಿ, ಕತ್ತೆತ್ತಿ ಗುಡ್ಡವನ್ನು ಸುಮಾರು ಹೊತ್ತು ನೋಡಿದ. ಆಮೇಲೆ ನಾಲ್ಕೈದು ಕಲ್ಲುಗಳನ್ನು ಕಾಲಿನಿಂದ ಅತ್ತ ತಳ್ಳಿ, ಬಸ್ಸಿಗೆ ಕೈಬೀಸಿ, ತಾನು ಓಡುತ್ತಲೇ ಆಚೆ ಬದಿ ಸೇರಿಕೊಂಡು ಅಲ್ಲಿ ಹತ್ತಿದ. ಡ್ರೈವರ್ ಅಷ್ಟು ಹೊತ್ತೂ ಎಂಜಿನ್ ಆರಿಸಿರಲಿಲ್ಲ, ಕೈ ಗೇರಿನ ಮೇಲೇ ಇತ್ತು. ಈ ವಿದ್ಯೆಯನ್ನು ಓದಿ ಕಲಿಯಬಹುದು, ಆದರೆ ದಿನಾ ಅದೇ ದಾರಿಯಲ್ಲಿ ಓಡಾಡುವವರಿಗೆ ಇರುವ ಕಣ್ಣು ನಮಗೆ ಬರುವುದಿಲ್ಲ. ತಂದೆ ತಾಯಿಯವರಿಗೆ ಬಸ್ಸು ಕಷ್ಟವಾದರೆ ಶಿಮ್ಲಾ ಅಥವಾ ರಾಂಪುರದಿಂದ ಕಿನ್ನೌರಿನವರೇ ಓಡಿಸುವ ಟ್ಯಾಕ್ಸಿ ಮಾಡಿಕೊಳ್ಳಿ, ನಿಮ್ಮ ಕಾರು ಅಲ್ಲೇ ಹೋಟೆಲಿನಲ್ಲಿ ಇರಲಿ.

ಮಲೆನಾಡಿಗ

ಎಲ್ಲರಿಗೂ ಧನ್ಯವಾದ. ಆಗಸ್ಟ್ ರಜೆಯನ್ನು ದಸರಾ ಸಮಯಕ್ಕೆ ಮುಂದೂಡಿದ್ದೇನೆ, ಸರಾಹನ್ ಸೇರಿಸಿದ್ದೇನೆ. ಟ್ಯಾಕ್ಸಿಯ ಸಲಹೆಯನ್ನು ಮನೆಯಲ್ಲಿ ಓದಿ ಹೇಳಿದಾಗ ಅಮ್ಮ ತಕ್ಷಣ ಒಪ್ಪಿದರು, ಅಪ್ಪ ಒಪ್ಪಲಿಲ್ಲ. ಕಲ್ಪಾವರೆಗೆ ನಮ್ಮ ಕಾರಿನಲ್ಲೇ ಹೋಗಿ, ಅಲ್ಲಿಂದ ಮುಂದಕ್ಕೆ ಸ್ಥಳೀಯ ಟ್ಯಾಕ್ಸಿ ಎಂಬ ರಾಜಿಗೆ ಬಂದಿದ್ದೇವೆ. ಇನ್ನು ಎರಡು ಸಂದೇಹ ಉಳಿದಿವೆ. ಅಪ್ಪನಿಗೆ ಎತ್ತರ ಒಗ್ಗುತ್ತದೆಯೇ? ಕಾಜಾದಿಂದ ಹಿಂದಿರುಗುವಾಗ ಅದೇ ದಾರಿಯ ಬದಲು ಕುಂಜುಮ್ ಕಣಿವೆಮಾರ್ಗ ದಾಟಿ ಮನಾಲಿಗೆ ಇಳಿಯಬಹುದೇ?

ಚಂಡೀಗಢದ ಕನ್ನಡಿಗ

ರಾಜಿ ಚೆನ್ನಾಗಿದೆ. ಕಂದರದ ರಸ್ತೆ ಓಡಿಸಿದ ಸಮಾಧಾನ ನಿಮಗೂ ಸಿಗುತ್ತದೆ, ಕಾ ತಿರುವುಗಳಲ್ಲಿ ನಿಮ್ಮ 1.2 ಲೀಟರ್ ಎಂಜಿನ್ನೂ ಉಳಿಯುತ್ತದೆ.

ಎತ್ತರದ ವಿಷಯದಲ್ಲಿ ಮೊದಲು ಅಪ್ಪನ ವೈದ್ಯರನ್ನು ಕೇಳಿ. ರಕ್ತದೊತ್ತಡದ ಮಾತ್ರೆಯ ಬಗ್ಗೆ ನಾವು ಯಾರೂ ಹೇಳಬಾರದು. ದಾರಿಯ ಬಗ್ಗೆ ಹೇಳಬಹುದಾದದ್ದೆಂದರೆ, ಕಿನ್ನೌರ್ ಕಡೆಯಿಂದ ಹೋಗುವವರಿಗೆ ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ: ಸರಾಹನ್ 2,100ರ ಆಸುಪಾಸು, ಕಲ್ಪಾ 2,900, ನಾಕೋ 3,600. ಮನಾಲಿಯಿಂದ ಅಟಲ್ ಸುರಂಗದ ಮೂಲಕ ಒಂದೇ ದಿನದಲ್ಲಿ ಕಾಜಾ ಸೇರಿದವರು ತಲೆನೋವು, ವಾಂತಿ ಎಂದು ಮಲಗಿರುವುದನ್ನು ಅಲ್ಲಿ ಬೇಕಾದಷ್ಟು ನೋಡಬಹುದು. ಕಲ್ಪಾದಲ್ಲಿ ಎರಡು ರಾತ್ರಿ ಇರಿ. ನಾಕೋದಲ್ಲಿ ಅಪ್ಪನಿಗೆ ತಲೆನೋವು ಬಿಡದೆ ಕಾಡಿದರೆ ಕಾಜಾ ಬಿಟ್ಟು ಕೆಳಗಿಳಿಯಿರಿ; ಇದನ್ನು ಹೊರಡುವ ಮುಂಚೆಯೇ ಎಲ್ಲರೂ ಕೂತು ಒಪ್ಪಿಕೊಂಡಿರಿ, ಅಲ್ಲಿ ಹೋದ ಮೇಲೆ ಅಪ್ಪಂದಿರು ‘ನನಗೇನೂ ಆಗಿಲ್ಲ’ ಎಂದೇ ಹೇಳುತ್ತಾರೆ.

ಕುಂಜುಮ್ ಬೇಡ. ಅದು 4,500 ಮೀಟರಿಗಿಂತ ಮೇಲಿದೆ, ಅಕ್ಟೋಬರಿನಲ್ಲಿ ಒಂದು ರಾತ್ರಿ ಹಿಮ ಬಿದ್ದರೆ ಮುಚ್ಚಿಹೋಗಬಹುದು, ಮತ್ತು ಬಾತಲ್‌ನಿಂದ ಗ್ರಾಂಫೂವರೆಗಿನ ದಾರಿ ಉರುಟು ಕಲ್ಲುಗಳ ಮೇಲೆ ಹೋಗುತ್ತದೆ. ಹೇಗೂ ನಿಮ್ಮ ಕಾರು ಕಲ್ಪಾದಲ್ಲೇ ಇರುವುದರಿಂದ ಬಂದ ದಾರಿಗೇ ಮರಳಬೇಕು. ಮರಳುವ ದಿನವೂ ನಸುಕಿನಲ್ಲೇ ಹೊರಡಿ, ಹಿಂದಿನ ಸಂಜೆ ಹೋಟೆಲಿನವರನ್ನೂ ಬಸ್‌ನಿಲ್ದಾಣದ ಡ್ರೈವರುಗಳನ್ನೂ ‘ನಿಗುಲ್ಸಾರಿ ತೆರೆದಿದೆಯೇ’ ಎಂದು ಕೇಳಿಕೊಳ್ಳಿ. ಮೊಬೈಲಿನ ನಕ್ಷೆಗಿಂತ ಮೊದಲು ಅವರಿಗೆ ಗೊತ್ತಾಗಿರುತ್ತದೆ. ಪೆಟ್ರೋಲನ್ನು ರಾಂಪುರದಲ್ಲಿ ಪೂರ್ತಿ ತುಂಬಿಸಿ, ರಸ್ತೆ ಮುಚ್ಚಿ ಅರ್ಧ ದಿನ ಸಾಲಿನಲ್ಲಿ ನಿಲ್ಲಬೇಕಾಗಿ ಬಂದರೆ ಹಿಂದಿನ ಸೀಟಿನವರಿಗೆ ಬೇಕಾಗುವ ನೀರು, ತಿಂಡಿ, ಅಪ್ಪನ ಮಾತ್ರೆಯ ಡಬ್ಬಿ ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವ ಕಡೆ ಇರಲಿ.